ಜೀನಿಯಾ ಎದೆಮಟ್ಟ ಬೆಳೆದಿದೆ, ಹೂವು ಮಾತ್ರ ಇಲ್ಲ: ಯಾವ ಗೊಬ್ಬರ ಕೊಡಬೇಕು?

ಕಾರವಾರದ ನಿಮ್ಮ ಅಂಗಳದ ಜೀನಿಯಾ ಎದೆಮಟ್ಟ ಬೆಳೆದರೂ ಹೂವು ಬೆರಳೆಣಿಕೆಯಷ್ಟಿದೆ, ಎಲೆಗಳ ಮೇಲೆ ಬಿಳಿ ಹುಡಿ ಕೂತಿದೆ, ವಾರವಾರ ಹಾಕುವ ಶೇಂಗಾ ಹಿಂಡಿ ನೀರಿನ ಜೊತೆಗೆ ಇನ್ನೇನು ಕೊಡಲಿ ಎಂದು ಕೇಳಿದ್ದೀರಿ. ಇನ್ನೇನೂ ಬೇಡ, ಮೊದಲು ಆ ಹಿಂಡಿ ನೀರನ್ನು ನಿಲ್ಲಿಸಿ. ಶೇಂಗಾ ಹಿಂಡಿಯಲ್ಲಿ ಶೇಕಡಾ 7ರಷ್ಟು ಸಾರಜನಕವಿರುತ್ತದೆ. ಅದು ಅತಿಯಾದರೆ ಗಿಡ ಎಲೆ ಮತ್ತು ಕಾಂಡವನ್ನೇ ಬೆಳೆಸುತ್ತ ಹೋಗುತ್ತದೆ, ಮೊಗ್ಗು ತಡವಾಗುತ್ತದೆ, ಮೆತ್ತಗಿನ ದಟ್ಟ ಎಲೆಗಳಿಗೆ ಬಿಳಿ ಹುಡಿಯಂತೆ ಕಾಣುವ ಬೂದಿ ರೋಗ ಬೇಗ ತಗಲುತ್ತದೆ.

ಶಿರಸಿ ಸಮೀಪದ ನಮ್ಮ ಮನೆಯಲ್ಲಿ ನಾನೂ ಇದೇ ತಪ್ಪು ಮಾಡಿದ್ದೆ. ಮಳೆಗಾಲದ ಡೇರೆ ಹೂವಿನ (ಡಾಲಿಯಾ) ಗಿಡಕ್ಕೆ ಮಾಡುವ ಉಪಚಾರವನ್ನೇ ಜೀನಿಯಾಕ್ಕೂ ಮಾಡಿದೆ. ಎರಡೂ ಮೆಕ್ಸಿಕೊ ಮೂಲದ, ಸೇವಂತಿಗೆ ಕುಟುಂಬದ ಗಿಡಗಳಾದರೂ, ಬೀಜ ಬಿದ್ದ ಎರಡು ತಿಂಗಳಲ್ಲಿ ಹೂ ಬಿಡುವ ಜೀನಿಯಾಕ್ಕೆ ಅಷ್ಟು ಗೊಬ್ಬರ ಬೇಕಾಗಿಯೇ ಇಲ್ಲ.

ಬಿತ್ತುವ ಮೊದಲು ಚದರ ಮೀಟರಿಗೆ 2ರಿಂದ 3 ಕಿಲೋ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಮಣ್ಣಿಗೆ ಬೆರೆಸಿದರೆ ಘಟ್ಟದ ಮೇಲಿನ ನಮ್ಮ ಕೆಂಪು ಮಣ್ಣಿಗೆ ಬಹುಪಾಲು ಸಾಕು. ನಿಮ್ಮದು ಕಡಲಂಚಿನ ಮರಳು ಮಣ್ಣಾದರೆ ಸತ್ವ ನೀರಿನೊಂದಿಗೆ ಬೇಗ ಬಸಿದುಹೋಗುವುದರಿಂದ, ಕೊಳೆತ ದರಕನ್ನೂ (ತರಗೆಲೆ) ಸೇರಿಸಿ, ಮೊಗ್ಗು ಕಾಣಿಸಿದ ಮೇಲೆ ಎರೆಗೊಬ್ಬರವನ್ನು ಗಿಡಕ್ಕೊಂದು ಮುಷ್ಟಿಯಂತೆ ಕೊಡಿ. ಒಲೆಯ ಬೂದಿಯಲ್ಲಿ ಪೊಟ್ಯಾಷ್ ಇದೆ, ಅದು ಮಣ್ಣಿನ ಹುಳಿಯನ್ನೂ ತಗ್ಗಿಸುತ್ತದೆ. ಗಿಡಕ್ಕೆ ಒಂದು ಚಮಚದಷ್ಟು ಉದುರಿಸಿದರೆ ಸಾಕು. ಅದನ್ನು ಹಸಿ ಸಗಣಿ ಅಥವಾ ಯೂರಿಯಾದ ಜೊತೆ ಎಂದಿಗೂ ಕಲಸಬೇಡಿ, ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ.

ನಮ್ಮ ಜಿಲ್ಲೆಯ ಮಳೆಯಲ್ಲಿ ಜೀನಿಯಾ ಕೊಳೆಯುವುದೇ ಹೆಚ್ಚು. ಆದ್ದರಿಂದ ನವರಾತ್ರಿಯ ಹೊತ್ತಿಗೆ, ಮಳೆ ಹಿಂದೆ ಸರಿದ ಮೇಲೆ, ದಿನಕ್ಕೆ ಆರು ತಾಸಾದರೂ ಬಿಸಿಲು ಬೀಳುವಲ್ಲಿ ಬಿತ್ತಿ. ಬೇರು ಅಲುಗಿದರೆ ಈ ಗಿಡ ಸೊರಗುತ್ತದೆ, ಹಾಗಾಗಿ ಬೀಜವನ್ನು ನೇರ ಮಡಿಗೇ ಹಾಕಿ ಅರ್ಧ ಸೆಂಟಿಮೀಟರ್ ಮಣ್ಣು ಮುಚ್ಚಿದರೆ ವಾರದೊಳಗೆ ಮೊಳೆಯುತ್ತದೆ. ಗಿಡದಿಂದ ಗಿಡಕ್ಕೆ ಒಂದು ಅಡಿ ಬಿಡಿ.

ಗಿಡ ಎಂಟು–ಹತ್ತು ಇಂಚು ಬೆಳೆದಾಗ ತುದಿ ಚಿವುಟುವುದನ್ನು ಮರೆಯಬೇಡಿ, ಮನಸ್ಸು ಒಪ್ಪದಿದ್ದರೂ ಚಿವುಟಿ. ಜೀನಿಯಾದ ಎಲೆಗಳು ಎದುರುಬದುರಾಗಿ ಜೋಡಿಯಾಗಿರುತ್ತವೆ. ಒಂದು ಜೋಡಿಯ ಸ್ವಲ್ಪ ಮೇಲೆ ಕತ್ತರಿಸಿದರೆ, ಕೆಲವೇ ದಿನಗಳಲ್ಲಿ ಎರಡೂ ಎಲೆಕಂಕುಳಿಂದ ಅಕ್ಕಿಕಾಳಿನಷ್ಟು ಚಿಗುರು ಇಣುಕುತ್ತದೆ. ಒಂದು ಕಾಂಡವಿದ್ದಲ್ಲಿ ಎರಡು ಕೊಂಬೆ, ಎರಡು ಹೂವು. ಬಾಡಿದ ಹೂವನ್ನೂ ಹೀಗೆಯೇ ತೆಗೆಯುತ್ತಿರಿ.

ಈಗಿರುವ ಗಿಡಗಳಲ್ಲಿ ಹುಡಿ ಬಡಿದ ಎಲೆಗಳನ್ನು ಕಿತ್ತು ದೂರ ಹಾಕಿ, ಒತ್ತಾಗಿರುವಲ್ಲಿ ಒಂದೆರಡು ಗಿಡ ತೆಗೆದು ಗಾಳಿಗೆ ದಾರಿ ಮಾಡಿ, ನೀರಿನಲ್ಲಿ ಬೆರೆಯುವ ಗಂಧಕವನ್ನು (ವೆಟ್ಟೆಬಲ್ ಸಲ್ಫರ್) ಲೀಟರ್ ನೀರಿಗೆ 2 ಗ್ರಾಂನಂತೆ ಕಲಸಿ ಬಿಸಿಲಿಳಿದ ಮೇಲೆ ಸಿಂಪಡಿಸಿ. ನೀರನ್ನು ಬೆಳಿಗ್ಗೆ ಬುಡಕ್ಕೆ ಮಾತ್ರ ಹಾಕಿ. ಉದ್ದ ಕಾಂಡಗಳನ್ನು ಅರ್ಧಕ್ಕೆ ಕತ್ತರಿಸಿದರೆ ಕವಲೊಡೆದು ಹೊಸ ಮೊಗ್ಗು ಬರುತ್ತದೆ. ಅಲ್ಲಿಯವರೆಗೆ ಗೊಬ್ಬರದ ಬುಟ್ಟಿಯನ್ನು ಮುಟ್ಟಬೇಡಿ.