ದುಡ್ಡು ಇಬ್ಬರದು, ಫ್ಲ್ಯಾಟ್ ಒಬ್ಬರ ಹೆಸರಲ್ಲಿ: ಬಾಂಡ್ ಪೇಪರ್ ಸಾಕಾ?

ಪ್ರಶ್ನೆ: ನನಗೆ 31, ನನ್ನ ಗೆಳೆಯನಿಗೆ 34 ವರ್ಷ. ಮದುವೆ ಆಗಿಲ್ಲ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಬಾಡಿಗೆ ಮನೆ ಮಾಡಿ ನಾಲ್ಕು ವರ್ಷದಿಂದ ಒಟ್ಟಿಗೆ ಇದ್ದೇವೆ. ಈಗ ಗೋಕುಲ ರೋಡ್ ಕಡೆ ಒಂದು ಫ್ಲ್ಯಾಟ್ ನೋಡಿದ್ದೇವೆ. ಸಾಲ ಬೇಗ ಸಿಗುತ್ತದೆ ಅಂತ ಅವರೊಬ್ಬರ ಹೆಸರಲ್ಲೇ ಖರೀದಿ ಮಾಡುವ ಯೋಚನೆ. ನಾನು 12 ಲಕ್ಷ ಕೊಡುತ್ತೇನೆ, ಕಂತಿನಲ್ಲೂ ಅರ್ಧ ಕಟ್ಟುತ್ತೇನೆ. ಇದನ್ನು ಬಾಂಡ್ ಪೇಪರ್ ಮೇಲೆ ಬರೆದು ನೋಟರಿ ಮಾಡಿಸಿದರೆ ಸಾಕಾ ಸರ್?

ಉತ್ತರ: ಸಾಲದು. ಮನೆ, ಜಾಗದಲ್ಲಿ ಹಕ್ಕು ಕೊಡುವ ಇಂಥ ಕಾಗದ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಬೇಕು. ನೋಟರಿ ಮಾಡಿದ ಬಾಂಡ್ ನೀವು ಹಣ ಕೊಟ್ಟಿದ್ದಕ್ಕೆ ಸಾಕ್ಷಿಯಾದೀತು, ಅಷ್ಟೇ.

ಇನ್ನೂ ದೊಡ್ಡ ತೊಡಕು ಬೇನಾಮಿ ಕಾಯ್ದೆಯದು. ನಾಳೆ ಜಗಳವಾಗಿ ನೀವು ಕೋರ್ಟಿಗೆ ಹೋಗಿ ‘ದುಡ್ಡು ನನ್ನದು, ಹೆಸರು ಮಾತ್ರ ಅವರದು’ ಎಂದರೆ ಆ ಕಾಯ್ದೆಯೇ ಅಡ್ಡ ಬರಬಹುದು. ಗಂಡ, ಹೆಂಡತಿ, ಮಕ್ಕಳ ಹೆಸರಲ್ಲಿ ಲೆಕ್ಕವಿರುವ ಹಣದಿಂದ ಕೊಂಡರೆ ವಿನಾಯಿತಿ ಇದೆ. ಮದುವೆಯಾಗದ ಸಂಗಾತಿ ಆ ಪಟ್ಟಿಯಲ್ಲಿಲ್ಲ.

ಆದ್ದರಿಂದ ಖರೀದಿ ಪತ್ರದಲ್ಲೇ ಇಬ್ಬರ ಹೆಸರೂ ಬರಲಿ. ಯಾರ ಪಾಲು ಎಷ್ಟು, 60:40 ಅಂತಲೋ ಏನೋ, ಅದನ್ನೂ ಬರೆಸಿ. ಬರೆಸದಿದ್ದರೆ ಹಾಕಿದ ಹಣದ ಲೆಕ್ಕ ಹಿಡಿಯುತ್ತಾರೆ, ಆ ಲೆಕ್ಕವೂ ಸಿಗದಿದ್ದರೆ ಸಮಪಾಲು ಅಂತ ತಿಳಿಯುತ್ತಾರೆ. ನಿಮ್ಮ 12 ಲಕ್ಷ ನಿಮ್ಮ ಖಾತೆಯಿಂದಲೇ ಬಿಲ್ಡರ್‌ಗೆ ಹೋಗಲಿ. ಪಾಲಿಕೆಯ ಉತಾರದಲ್ಲೂ (ಆಸ್ತಿ ದಾಖಲೆಯ ಪ್ರತಿ) ಹೆಸರು ಸೇರಿಸಿ, ಆದರೆ ಒಡೆತನ ಸಿಗುವುದು ಖರೀದಿ ಪತ್ರದಿಂದ, ಉತಾರದಿಂದಲ್ಲ. ಮದುವೆಯಾಗದವರಿಗೆ ಜಂಟಿ ಸಾಲ ಕೊಡಲು ಕೆಲವು ಬ್ಯಾಂಕಿನವರು ಹಿಂದೆಮುಂದೆ ನೋಡುತ್ತಾರೆ. ನಾಲ್ಕು ಕಡೆ ಕೇಳಿ. ಎಲ್ಲೂ ಆಗದಿದ್ದರೆ ನಾನಾದರೆ ಆ ಫ್ಲ್ಯಾಟ್‌ಗೆ 12 ಲಕ್ಷ ಹಾಕುವುದಿಲ್ಲ.

ಇಬ್ಬರೂ ಮೃತ್ಯುಪತ್ರ ಬರೆದಿಡಿ. ನೀವು ಹಿಂದೂಗಳು ಅಂದುಕೊಂಡು ಹೇಳುತ್ತೇನೆ: ಅವರು ಮೃತ್ಯುಪತ್ರ ಇಲ್ಲದೆ ತೀರಿಕೊಂಡರೆ, ಮಕ್ಕಳೂ ಇಲ್ಲದಿದ್ದರೆ, ಅವರ ಪಾಲು ಅವರ ತಾಯಿಗೆ ಹೋಗುತ್ತದೆ. ನಿಮಗೆ ಏನೂ ಇಲ್ಲ. ಮೃತ್ಯುಪತ್ರಕ್ಕೆ ಇಬ್ಬರು ಸಾಕ್ಷಿಗಳ ಸಹಿ ಬೇಕು. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿ. ‘ನಾಮಿನಿ ಮಾಡಿದ್ದೇನಲ್ವಾ’ ಅಂತ ಅವರು ಅಂದರೆ ಸುಮ್ನೆ ನಂಬಬೇಡಿ. ನಾಮಿನಿ ಮಾಲೀಕನಲ್ಲ ಎಂದು ಸುಪ್ರೀಂ ಕೋರ್ಟ್ ಷೇರುಗಳ ವಿಷಯದಲ್ಲಿ 2023ರಲ್ಲಿ ಮತ್ತೊಮ್ಮೆ ಹೇಳಿದೆ.

2005ರ ಕೌಟುಂಬಿಕ ಹಿಂಸೆ ಕಾಯ್ದೆ ಮದುವೆಯಂಥ ಸಂಬಂಧಕ್ಕೂ ಅನ್ವಯಿಸುತ್ತದೆ. ಆದರೆ ಅದು ಕೊಡುವುದು ಮನೆಯಲ್ಲಿ ಇರುವ ಹಕ್ಕು, ಮನೆಯ ಪಾಲಲ್ಲ. ಜೊತೆಗೆ, ಗಂಡ ಹೆಂಡತಿಯಂತೆ ನಾಲ್ಕು ಜನರ ಮುಂದೆ ಬದುಕಿರಬೇಕು ಎಂದು 2010ರ ತೀರ್ಪೊಂದು ಹೇಳುತ್ತದೆ. ಮನೆ ಮಾಲೀಕರಿಗೆ ‘ಕಸಿನ್’ ಅಂತ ಹೇಳಿ ಇರುವವರು ಇದನ್ನು ಗಮನಿಸಬೇಕು!

ನಿಮ್ಮ ಒಪ್ಪಂದ ಬೇಡ ಅಂತಲ್ಲ. ಖರ್ಚು, ಸಾಮಾನು, ಬೇರೆಯಾದರೆ ಯಾರು ಯಾರ ಪಾಲನ್ನು ಯಾವ ದರಕ್ಕೆ ಕೊಳ್ಳಬೇಕು, ಇವನ್ನೆಲ್ಲ ಬರೆಯಿರಿ. ‘ಒಟ್ಟಿಗೆ ಬಾಳುವುದಕ್ಕೆ ಪ್ರತಿಯಾಗಿ’ ಎಂಬಂಥ ಮಾತು ಮಾತ್ರ ಬೇಡ. ನೀತಿಗೆ ವಿರುದ್ಧ ಎಂದು ಕೋರ್ಟ್ ಒಪ್ಪಂದವನ್ನೇ ತಳ್ಳಿಹಾಕಬಹುದು.

‘ಆಮೇಲೆ ದಾನಪತ್ರ ಮಾಡಿಕೊಡುತ್ತೇನೆ’ ಅಂದರೂ ಒಪ್ಪಬೇಡಿ. ಕುಟುಂಬದವರಿಗೆ ಇರುವ ಮುದ್ರಾಂಕ ಶುಲ್ಕದ ರಿಯಾಯಿತಿ ನಿಮಗೆ ಸಿಗದು. 50,000 ರೂಪಾಯಿಗಿಂತ ಜಾಸ್ತಿ ಬೆಲೆಯ ಉಡುಗೊರೆ ಅಂತ ಆದಾಯ ತೆರಿಗೆಯೂ ನಿಮ್ಮ ಮೇಲೇ ಬೀಳುತ್ತದೆ.