ಮೇವು ಒಂದೇ, ತಳಿ ಒಂದೇ, ಉಣ್ಣೆ ಮಾತ್ರ ಬೇರೆ ಯಾಕೆ?

ಒಂದೇ ಮಂದೆಯಲ್ಲಿ ಒಂದು ಕುರಿಯ ಉಣ್ಣೆ ನಯ, ಇನ್ನೊಂದರದ್ದು ಒರಟು. ಇದಕ್ಕೆ ಕಾರಣವಾದ ಜೀನ್ ಪತ್ತೆ ಹಚ್ಚಿ ಟಗರು ಆರಿಸಬಹುದೇ ಎಂದು ಕೇಳಿದ್ದೀರಿ.

ಅಂಥ ಒಂದೇ ಜೀನ್ ಇಲ್ಲ. ಉಣ್ಣೆ ಅಂದರೆ ಕೆರಾಟಿನ್, ನಮ್ಮ ಕೂದಲು ಉಗುರುಗಳಲ್ಲೂ ಇರುವ ಪ್ರೋಟೀನು, ಎಂದು ಎಲ್ಲರೂ ಓದಿರುತ್ತೇವೆ, ಅದು ಅರ್ಧ ಮಾತು. ಕೆರಾಟಿನ್ ಸಣ್ಣ ಸಣ್ಣ ನಾರುಗಳಾಗಿ ಹೊಸೆದುಕೊಂಡಿರುತ್ತದೆ. ಆ ನಾರುಗಳ ಸಂದಿಯಲ್ಲಿ ಗಾರೆಯ ಹಾಗೆ ತುಂಬಿಕೊಳ್ಳುವ ಬೇರೆ ಪ್ರೋಟೀನುಗಳಿವೆ. ಇವನ್ನು ಕೆರಾಟಿನ್‌ನ ಜೊತೆಗಾರ ಪ್ರೋಟೀನುಗಳು, ಚಿಕ್ಕದಾಗಿ 'ಕ್ಯಾಪ್' ಅನ್ನುತ್ತಾರೆ. ಕುರಿಯಿಂದ ಕುರಿಗೆ ಇರುವ ವ್ಯತ್ಯಾಸ ಹುಡುಕುವವರಿಗೆ ನಿಜವಾದ ಗಣಿ ಇದೇ ಎಂದು ನನಗೆ ಅನ್ನಿಸುತ್ತದೆ. ಕೆಲವು ಕ್ಯಾಪ್‌ಗಳಲ್ಲಿ ಗಂಧಕವಿರುವ ಸಿಸ್ಟೀನ್ ಎಂಬ ಅಮೈನೋ ಆಮ್ಲ ಹೇರಳ (ಅಮೈನೋ ಆಮ್ಲ ಅಂದರೆ ಪ್ರೋಟೀನಿನ ಸರಪಳಿಯ ಒಂದು ಕೊಂಡಿ). ಎರಡು ಸಿಸ್ಟೀನ್‌ಗಳ ಗಂಧಕ ಕೂಡಿ ಬೀಳುವ ಗಂಟುಗಳೇ ಎಳೆಗೆ ಕಸುವು ಕೊಡುತ್ತವೆ. ಇನ್ನು ಕೆಲವದರಲ್ಲಿ ಗ್ಲೈಸಿನ್, ಟೈರೋಸಿನ್ ಎಂಬ ಬೇರೆ ಅಮೈನೋ ಆಮ್ಲಗಳು ಹೆಚ್ಚು.

ಈ ಕ್ಯಾಪ್‌ಗಳನ್ನು ಮಾಡಿಸುವ ಜೀನ್‌ಗಳು ತೀರಾ ಪುಟ್ಟವು, ಆದರೆ ಒಂದೊಂದಕ್ಕೂ ಹಲವು ರೂಪಗಳು. ಕ್ಯಾಪ್ 1-1 ಎಂಬ ಜೀನ್‌ನಲ್ಲಿ 30 ಡಿಎನ್‌ಎ ಅಕ್ಷರಗಳ ಒಂದು ತುಣುಕು ಮತ್ತೆ ಮತ್ತೆ ಬರುತ್ತದೆ. ಎಷ್ಟು ಸಲ ಎಂಬುದು ಎಲ್ಲ ಕುರಿಗಳಲ್ಲೂ ಒಂದೇ ಅಲ್ಲ. ಹಾಗಾಗಿ ಪ್ರೋಟೀನಿನ ಉದ್ದವೇ ಬದಲಾಗುತ್ತದೆ. ಕ್ಯಾಪ್ 6-1ರ ಒಂದು ರೂಪದಲ್ಲಿ 57 ಅಕ್ಷರಗಳೇ ಇಲ್ಲ. ಮೂರು ಅಕ್ಷರಕ್ಕೊಂದು ಅಮೈನೋ ಆಮ್ಲದಂತೆ 19 ಕೊಂಡಿ ಕಳಚಿದ ಲೆಕ್ಕ, ಆದರೂ 57 ಮೂರರ ಗುಣಕವಾದ್ದರಿಂದ ಉಳಿದ ಅಕ್ಷರಗಳನ್ನು ಮೂರು ಮೂರಾಗಿ ಓದುವ ಸಾಲು ತಪ್ಪುವುದಿಲ್ಲ. ನಯವಾದ ಉಣ್ಣೆಗೆ ಹೆಸರಾದ ಮೆರಿನೋ ತಳಿ ಮತ್ತು ಅದರ ಮಿಶ್ರತಳಿಗಳಲ್ಲಿ ನೋಡಿದಾಗ ಈ ರೂಪ ಇದ್ದವುಗಳ ಎಳೆ ಸರಾಸರಿಯಲ್ಲಿ ದಪ್ಪ ಎಂದು ಕಂಡಿದೆ.

ಹಾಗಂತ ಇದೊಂದನ್ನೇ ನಂಬಿ ಟಗರು ಆರಿಸಬೇಡಿ. ಇಂಥ ಹಲವಾರು ಜೀನ್‌ಗಳು ಒಂದರ ಪಕ್ಕ ಒಂದು ಕೂತಿರುವುದರಿಂದ ಸಾಮಾನ್ಯವಾಗಿ ಗುಂಪಾಗಿಯೇ ಮರಿಗೆ ದಾಟುತ್ತವೆ. ಪರಿಣಾಮ ಯಾವ ಜೀನಿನದ್ದೆಂದು ಬಿಡಿಸುವುದು ಕಷ್ಟ. ಒಂದು ತಳಿಯಲ್ಲಿ ಕಂಡದ್ದು ಇನ್ನೊಂದರಲ್ಲಿ ಕಾಣಲೇಬೇಕೆಂದಿಲ್ಲ.

ಮೇವು ಒಂದೇ ಅಂದಿರಿ. ವಯಸ್ಸು? ಕುರಿಗೆ ವಯಸ್ಸಾದಂತೆ ಎಳೆ ದಪ್ಪವಾಗುವುದುಂಟು. ಮೈಯಲ್ಲಿ ತಾಮ್ರ ಕಡಿಮೆಯಾದರೆ ಗಂಧಕದ ಗಂಟುಗಳು ಸರಿಯಾಗಿ ಬೀಳದೆ, ಜೀನ್ ಎಷ್ಟೇ ಚೆನ್ನಾಗಿದ್ದರೂ ಉಣ್ಣೆಯ ಸುರುಳಿ ಬಿಚ್ಚಿ ತಂತಿಯ ಹಾಗಾಗುತ್ತದೆ. ಮೊದಲು ಒಂದೇ ವಯಸ್ಸಿನವುಗಳನ್ನು ಪಕ್ಕಪಕ್ಕ ಇಟ್ಟು, ಮೈಯ ಒಂದೇ ಜಾಗದ ಉಣ್ಣೆ ತೆಗೆದು, ಎಳೆ ಎಷ್ಟು ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು) ದಪ್ಪ ಎಂದು ಅಳೆಸಿ. ಎಳೆಯ ದಪ್ಪ ತಂದೆತಾಯಿಯಿಂದ ಚೆನ್ನಾಗಿಯೇ ಇಳಿದುಬರುವ ಗುಣ. ಆ ಅಳತೆಯನ್ನು ನೋಡಿ ಟಗರು ಆರಿಸಿದರೂ ಕೆಲಸ ಆಗುತ್ತದೆ.