ಹಳೇ ಕಾರ್ಖಾನೆ ಜಾಗಕ್ಕೆ ಎರಡು ಲೋಡ್ ಗೊಬ್ಬರ ಸಾಕಾ?

ನೀವು ಕೇಳಿರುವುದು ಇಷ್ಟು: ಮೂವತ್ತು-ನಲವತ್ತರ ಸೈಟು, ಮೊದಲು ಕಾರ್ಖಾನೆ ಇದ್ದ ಜಾಗ, ನೆಲವೆಲ್ಲ ಬೂದಿಯಂಥ ಪುಡಿ. ಎರಡು ಟ್ರ್ಯಾಕ್ಟರ್ ಕೊಟ್ಟಿಗೆ ಗೊಬ್ಬರ ಹೊಡೆಸಿದರೆ ಮನೆಮಟ್ಟಿಗೆ ಸೊಪ್ಪು, ತರಕಾರಿ ಬೆಳೆಯಬಹುದಾ? ಅಂಥ ಪುಡಿ ನನಗೆ ಚೆನ್ನಾಗಿ ಗೊತ್ತು. ನಾನು ಬೆಳೆದದ್ದು ಕೆಜಿಎಫ್‌ನಲ್ಲಿ, ಸೈನೈಡ್ ದಿಬ್ಬಗಳ ಪಕ್ಕ. ಅರೆದ ಕಲ್ಲಿನಿಂದ ಸೈನೈಡ್ ಹಾಕಿ ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ಗುಡ್ಡೆಗಳವು.

ಅಲ್ಲಿ ನೂರಿಪ್ಪತ್ತು ವರ್ಷ ಕಲ್ಲು ಅರೆದು ಚಿನ್ನ ತೆಗೆದರು. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿತು. ಉಳಿದದ್ದು ಮೂರು ಕೋಟಿ ಟನ್‌ಗೂ ಜಾಸ್ತಿ ಪುಡಿ. ಆಷಾಢದ ಗಾಳಿ ಎದ್ದರೆ ತಂತಿ ಮೇಲಿನ ಬಟ್ಟೆಗೆಲ್ಲ ಬಿಳಿ ಧೂಳು. ಅಮ್ಮ ಬೈಕೊಂಡು ಇನ್ನೊಂದು ಸಲ ಒಗೆಯುತ್ತಿದ್ದರು. ಹೆಸರು ಕೇಳಿ ಜನ ಸೈನೈಡಿಗೇ ಹೆದರುತ್ತಾರೆ. ಬಿಸಿಲಿಗೆ ಬಿದ್ದ ಸೈನೈಡ್ ಬಹುಪಾಲು ಕಳೆದುಹೋಗುತ್ತದೆ. ಕಷ್ಟ ಇರುವುದು ಬೇರೆ ಕಡೆ. ಅದು ಮಣ್ಣೇ ಅಲ್ಲ, ಹಿಟ್ಟು ಮಾಡಿದ ಕಲ್ಲು.

ವ್ಯತ್ಯಾಸ ನೋಡಬೇಕಾ? ಎರಡು ಗಾಜಿನ ಲೋಟದಲ್ಲಿ ನೀರು ತಗೊಳ್ಳಿ. ಒಂದಕ್ಕೆ ಯಾವುದಾದರೂ ಹಳೇ ಮರದ ಬುಡದ ಒಣ ಹೆಂಟೆ, ಇನ್ನೊಂದಕ್ಕೆ ನಿಮ್ಮ ಸೈಟಿನದ್ದು ಬಿಡಿ. ಮರದ ಬುಡದ್ದು ಗುಳ್ಳೆ ಬಿಡುತ್ತಾ ಹಾಗೇ ಕೂತಿರುತ್ತದೆ. ದಿಬ್ಬದ ಹೆಂಟೆ ನಾನು ಬಿಟ್ಟಾಗ ಕಣ್ಣೆದುರೇ ಕರಗಿ ರಾಡಿಯಾಯಿತು. ಮಣ್ಣಿನ ಕಣಗಳನ್ನು ಹಿಡಿದಿಡುವುದು ಬೇರು ಬಿಡುವ ಲೋಳೆ, ಶಿಲೀಂಧ್ರದ ಎಳೆಗಳು, ಎರೆಹುಳುವಿನ ಹಿಕ್ಕೆ. ಅರೆದ ಕಲ್ಲಿನಲ್ಲಿ ಇದ್ಯಾವುದೂ ಇಲ್ಲ. ಮಳೆ ಬಂದರೆ ಕೆಸರು, ಬಿಸಿಲು ಬಿದ್ದರೆ ಹೆಪ್ಪಳಿಕೆ.

ಹಾಗಂತ ಏನೂ ಬೆಳೆಯುವುದಿಲ್ಲ ಅಂತಲ್ಲ. ದಿಬ್ಬದ ಅಂಚಿನಲ್ಲಿ ಬಳ್ಳಾರಿ ಜಾಲಿ ಬಂದಿದೆ. ಕಾಲೇಜಿನಲ್ಲಿದ್ದಾಗ ಒಂದರ ಬುಡ ಕೆದಕಿ ನೋಡಿದ್ದೆ. ಮೇಲೆ ಒಣಗಿದ ಎಲೆ, ಕೆಳಗೆ ಉಗುರಿನ ದಪ್ಪದ ಕಪ್ಪು ಪದರ, ಅದರ ಕೆಳಗೆ ಮತ್ತೆ ಅದೇ ಬೂದು ಹಿಟ್ಟು. ಅಷ್ಟು ವರ್ಷಕ್ಕೆ ಅಷ್ಟೇ ಮಣ್ಣು!

ಇನ್ನು ಗೊಬ್ಬರದ ಲೆಕ್ಕ. ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ಬಿಳಿ ಜೇಡಿ ಗಣಿಯ ಕಸದ ಗುಡ್ಡೆಗಳ ಮೇಲೆ ಪರಿಸರ ವಿಜ್ಞಾನಿ ಆಂಥೊನಿ ಬ್ರಾಡ್‌ಶಾ ಮತ್ತು ಜೊತೆಗಾರರು ಕೆಲಸ ಮಾಡಿದ್ದರು. ಗಿಡಮರ ತಾವಾಗಿಯೇ ಬದುಕಿಕೊಳ್ಳಬೇಕಾದರೆ ಹೆಕ್ಟೇರಿಗೆ ಸುಮಾರು 1000 ಕಿಲೋ ಸಾರಜನಕ ನೆಲದಲ್ಲಿ ಕೂಡಿರಬೇಕು ಅನ್ನುವುದು ಅವರ ಅಂದಾಜು. ನಿಮ್ಮ ಸೈಟಿಗೆ ಅದು 11 ಕಿಲೋ. ಒಂದು ಟನ್ ಕೊಟ್ಟಿಗೆ ಗೊಬ್ಬರದಲ್ಲಿ 5 ಕಿಲೋ ಇದ್ದರೆ ಎರಡು ಟನ್ ಚಿಲ್ಲರೆ ಬೇಕು. ಅಂದರೆ ಲೆಕ್ಕಕ್ಕೆ ನಿಮ್ಮ ಎರಡು ಲೋಡ್ ಸಾಕೇ ಸಾಕು.

ಆದರೆ ಅದು ಉಳಿಯುವುದಿಲ್ಲ. ನಮ್ಮ ಬಿಸಿಲಿಗೆ ಗೊಬ್ಬರದ ಬಹುಪಾಲು ಒಂದೆರಡು ವರ್ಷದಲ್ಲಿ ಗಾಳಿಗೆ ಹೋಗುತ್ತದೆ, ಮಿಕ್ಕಿದ್ದರಲ್ಲಿ ಗೆದ್ದಲಿಗೂ ಪಾಲು. ಕೊಳೆತದ್ದು ಅಂಟಿಕೊಂಡು ಉಳಿಯಲು ಜೇಡಿ ಬೇಕು. ಅದೇ ಆ ಪುಡಿಯಲ್ಲಿ ಇಲ್ಲ. ಕೋಲಾರದ ಕಡೆ ರೈತರು ಬೇಸಿಗೆಯಲ್ಲಿ ಕೆರೆ ಗೋಡು, ಅಂದರೆ ಕೆರೆ ತಳದ ಜೇಡಿ ಹೂಳು, ಹೊಡೆಯುತ್ತಾರಲ್ಲ, ಅದು ಸುಮ್ನೆ ಅಲ್ಲ. ಎರಡು ಲೋಡಿನಲ್ಲಿ ಒಂದು ಗೊಬ್ಬರ, ಒಂದು ಗೋಡು ಮಾಡಿಕೊಳ್ಳಿ. ಆಮೇಲೆ ಮಳೆಗೆ ಹುರುಳಿ ಎರಚಿ. ಜೊತೆಗೆ ಹುರುಳಿ ಬೆಳೆದ ಹೊಲದ್ದೇ ಒಂದು ಮಂಕರಿ ಮಣ್ಣು ಚೆಲ್ಲಿ. ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾ ಅದರಲ್ಲಿ ಬರುತ್ತದೆ. ಹೂವಾಗುವ ಹೊತ್ತಿಗೆ ಬುಡಕ್ಕೆ ಕೊಯ್ದು ಅಲ್ಲೇ ಹಾಸಿ. ಬೇರು ಕೀಳಬೇಡಿ, ದಯವಿಟ್ಟು. ನೆಲದೊಳಗೆ ಸತ್ತ ಬೇರು ಮೇಲೆ ಸುರಿದ ಗೊಬ್ಬರಕ್ಕಿಂತ ಹೆಚ್ಚು ದಿನ ನಿಲ್ಲುತ್ತದೆ. ತೆಂಗಿನ ನಾರಿನ ಪುಡಿ ಅಗ್ಗ ಅಂತ ಹಸಿಯಾಗಿ ತುಂಬಬೇಡಿ. ಅದು ಕೊಳೆಯುವಾಗ ಇರುವ ಸಾರಜನಕವನ್ನೂ ಎಳೆದುಕೊಂಡು ಗಿಡ ಹಳದಿಯಾಗುತ್ತದೆ.

ಇದಕ್ಕೆಲ್ಲ ಮೊದಲು ಒಂದು ಕೆಲಸ ಇದೆ. ಸೀಸ ಮತ್ತು ಆರ್ಸೆನಿಕ್ ಪರೀಕ್ಷೆ ಮಾಡಿಸಿ. ಮಣ್ಣಿನ ಆರೋಗ್ಯ ಕಾರ್ಡಿನ ಪರೀಕ್ಷೆಯಲ್ಲಿ ಇವೆರಡೂ ಇರುವುದಿಲ್ಲ. ದುಡ್ಡು ಕೊಟ್ಟು ಬೇರೆ ಲ್ಯಾಬಿನಲ್ಲಿ ಕೇಳಿ ಮಾಡಿಸಬೇಕು. ಗೊಬ್ಬರ ಸೀಸವನ್ನು ಸ್ವಲ್ಪ ಮಟ್ಟಿಗೆ ಕಟ್ಟಿಹಾಕುತ್ತದೆ. ಆರ್ಸೆನಿಕ್ ವಿಷಯ ಉಲ್ಟಾ: ಗೊಬ್ಬರದಲ್ಲಿರುವ ರಂಜಕ ಅದನ್ನು ಸಡಿಲ ಮಾಡಿ ನೀರಿಗೆ ಬಿಡಬಹುದು, ಸುಣ್ಣವೂ ಅಷ್ಟೇ. ಎಲ್ಲ ಕಡೆ ಹಸಿರು ಬಂತು ಅಂದರೆ ತಿನ್ನಬಹುದು ಅಂತಲ್ಲ. ಬಳ್ಳಾರಿ ಜಾಲಿಗೆ ಏನು ಗೊತ್ತು, ಅಲ್ವಾ?

ರಿಪೋರ್ಟ್ ಬರುವ ತನಕ ಹುರುಳಿಯನ್ನೂ ದನಕ್ಕೆ ಹಾಕಬೇಡಿ, ನೆಲಕ್ಕೇ ಬಿಡಿ. ಸೊಪ್ಪು ಬೇಕೇ ಬೇಕು ಅಂದರೆ ಬೇರೆ ಕಡೆಯ ಮಣ್ಣು ತುಂಬಿದ ಕುಂಡದಲ್ಲಿ ಬೆಳೆಯಿರಿ. ಅಂದ ಹಾಗೆ, ಅಲ್ಲಿ ಇದ್ದದ್ದು ಯಾವ ಕಾರ್ಖಾನೆ? ಅಕ್ಕಪಕ್ಕದ ಹಳಬರನ್ನು ಕೇಳಿ ಇಲ್ಲಿ ಬರೆಯಿರಿ. ಬ್ಯಾಟರಿಯದ್ದೋ ಬಣ್ಣದ್ದೋ ಆಗಿದ್ದರೆ ನನ್ನ ಉತ್ತರ ಬದಲಾಗುತ್ತದೆ.